ಬಾಗಲಕೋಟೆ ಸೀಮೆಯ ಹಳೆಯ ಬಸ್ಸಿನ ಹಾದಿಗಳೂ ವೇಳಾಪಟ್ಟಿಗಳೂ: ಒಂದು ಐತಿಹಾಸಿಕ ವಿವೇಚನೆ

1

ಕರ್ನಾಟಕದ ಇತಿಹಾಸಕಾರರು ಹಾದಿಗಳನ್ನು ಅಲಕ್ಷಿಸಿದ್ದಾರೆಂದು ಹೇಳುವಂತಿಲ್ಲ. ಅಯ್ಯಾವೊಳೆಯ ಐನೂರ್ವರು ಸರಕು ಹೇರಿಕೊಂಡು ಸಂಚರಿಸಿದ ಮಾರ್ಗಗಳು, ವಿಜಯನಗರದ ದಂಡು ಕೃಷ್ಣೆಯ ಕಡೆಗೆ ನಡೆದ ದಾರಿಗಳು, ಆದಿಲಶಾಹಿಯ ಕಾಲದಲ್ಲಿ ಕೋಟೆಯಿಂದ ಕೋಟೆಗೆ ಹೋಗುತ್ತಿದ್ದ ರಸ್ತೆಗಳು, ಇವುಗಳನ್ನು ಕುರಿತು ವಿದ್ವಾಂಸರು ಬರೆದಿದ್ದಾರೆ. ಆದರೆ ನಮ್ಮ ತಂದೆತಾಯಿಗಳು ಸಂತೆಗೆ, ಕೋರ್ಟಿಗೆ, ಆಸ್ಪತ್ರೆಗೆ, ಕಾಲೇಜಿಗೆ ಹೋದ ಬಸ್ಸಿನ ಹಾದಿಯೂ ಇತಿಹಾಸದ ವಿಷಯವೆಂಬ ಭಾವನೆ ನಮ್ಮಲ್ಲಿ ಇನ್ನೂ ಬಲವಾಗಿ ಬೇರೂರಿಲ್ಲ. ತೀರ ಹತ್ತಿರದ್ದೂ ತೀರ ಸಾಮಾನ್ಯವೂ ಆದ ವಸ್ತು ಸಂಶೋಧಕನ ಕಣ್ಣಿಗೆ ಬೀಳುವುದು ಬಹುಶಃ ಕಡೆಯಲ್ಲಿಯೇ.

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಭಾಗದ ಹಿರಿಯರು ಮಾತಿಗೆ ಕುಳಿತರೆ ಹಳೆಯ ಬಸ್ಸುಗಳ ವಿಷಯ ಬಂದೇ ಬರುತ್ತದೆ. ಇಂಥ ಗಾಡಿ ಇಷ್ಟು ಹೊತ್ತಿಗೆ ಇಂಥ ಮರದ ಕೆಳಗೆ ಬಂದು ನಿಲ್ಲುತ್ತಿತ್ತು, ಇಂಥ ಹಳ್ಳಿಯನ್ನು ಬಳಸಿ ಹೋಗುತ್ತಿತ್ತು, ಅದು ಬಂದರೆ ಗಡಿಯಾರ ನೋಡುವ ಅವಶ್ಯಕತೆಯೇ ಇರಲಿಲ್ಲ ಎಂಬ ಮಾತುಗಳನ್ನು ನಾವೆಲ್ಲರೂ ಕೇಳಿದ್ದೇವೆ. ಇದನ್ನು ಮುದುಕರ ಹಳಹಳಿಕೆಯೆಂದು ತಳ್ಳಿಹಾಕುವುದು ಸುಲಭ. ಆದರೆ ಈ ಸೀಮೆಯಲ್ಲಿ ಆ ಹಳಹಳಿಕೆಗೆ ಒಂದು ವಿಶೇಷ ಕಾರಣವಿದೆ. ಇಲ್ಲಿ ಬಸ್ಸಿನ ಹೊತ್ತು ಮಾತ್ರ ಬದಲಾಗಲಿಲ್ಲ. ಬಸ್ಸು ಓಡಿದ ಹಾದಿಯ ಕೆಲವು ಭಾಗಗಳೂ, ಬಸ್ಸು ನಿಂತ ಊರುಗಳೂ ನೀರಿನ ಕೆಳಗೆ ಹೋದವು. ಆದುದರಿಂದ ಹಾದಿಯ ನೆನಪು ಇಲ್ಲಿ ಹಾದಿಗಿಂತ ಹೆಚ್ಚು ಕಾಲ ಉಳಿದಿದೆ. ಈ ನೆನಪನ್ನು ಒಂದು ಆಧಾರವೆಂದು ಪರಿಗಣಿಸಬಹುದೆ, ಪರಿಗಣಿಸುವುದಾದರೆ ಅದನ್ನು ಒರೆಗೆ ಹಚ್ಚುವ ಕ್ರಮವೇನು ಎಂಬುದೇ ಪ್ರಸ್ತುತ ಲೇಖನದ ಪ್ರಶ್ನೆ.

2

ವೇಳಾಪಟ್ಟಿಯೆಂಬ ವಸ್ತು ಈ ಸೀಮೆಗೆ ಬಸ್ಸಿನೊಡನೆ ಬಂದುದಲ್ಲ. ಅದು ರೈಲಿನೊಡನೆ ಬಂದಿತು. 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ ಧಾನ್ಯವನ್ನು ಹೊತ್ತು ತರಲು ಸಾಧನವಿಲ್ಲದೆ ಒಳನಾಡಿನ ಜನ ಪಟ್ಟ ಪಾಡು ಸರಕಾರದ ಕಣ್ಣು ತೆರೆಯಿಸಿತು. ಕ್ಷಾಮನಿವಾರಣೆಯ ಮಾರ್ಗಗಳಲ್ಲೊಂದಾಗಿ ಹೋಟಗಿಯಿಂದ ಗದಗಿನವರೆಗೆ ಮೀಟರ್ ಗೇಜಿನ ರೈಲುದಾರಿಯನ್ನು ಹಾಕಲು 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿಯು ಸ್ಥಾಪಿತವಾಯಿತು. 1884ರಲ್ಲಿ ಆ ದಾರಿ ಸಂಚಾರಕ್ಕೆ ತೆರೆಯಿತು. ವಿಜಾಪುರ, ಬಾಗಲಕೋಟೆ, ಬಾದಾಮಿಗಳು ಅದರ ಮೇಲಿನ ಊರುಗಳು. ಸುಮಾರು ಅದೇ ಕಾಲಕ್ಕೆ ಜಿಲ್ಲೆಯ ಮುಖ್ಯ ಸ್ಥಳವು ಕಲಾದಗಿಯಿಂದ ವಿಜಾಪುರಕ್ಕೆ ಹೋಯಿತು. ರೈಲು ಮುಟ್ಟದ ಕಲಾದಗಿಯ ಮಹತ್ವ ಕುಗ್ಗಿ, ರೈಲು ಮುಟ್ಟಿದ ಬಾಗಲಕೋಟೆಯ ವ್ಯಾಪಾರ ಬೆಳೆಯಿತು.

ರೈಲು ಸರಕನ್ನು ತಂದಂತೆ ಗಡಿಯಾರದ ಕಾಲವನ್ನೂ ತಂದಿತು. ಅದುವರೆಗೆ ಪ್ರತಿ ಊರಿಗೂ ಅದರದೇ ಹೊತ್ತು. ಕೋಳಿ ಕೂಗುವ ಹೊತ್ತು, ದನ ಬಿಡುವ ಹೊತ್ತು, ನೆತ್ತಿಯ ಮೇಲೆ ಬಿಸಿಲು ಬಂದ ಹೊತ್ತು, ದೀಪ ಹಚ್ಚುವ ಹೊತ್ತು ಎಂದು ದಿನವನ್ನು ಅಳೆಯುತ್ತಿದ್ದವರಿಗೆ ರೈಲು ಗಂಟೆ ನಿಮಿಷಗಳ ಲೆಕ್ಕವನ್ನು ಕಲಿಸಿತು. ಆ ದಿನಗಳಲ್ಲಿ ರೈಲುಗಳು ಮದ್ರಾಸು ಕಾಲವನ್ನು ಅನುಸರಿಸುತ್ತಿದ್ದುವು. ಭಾರತೀಯ ಪ್ರಮಾಣ ಕಾಲವು ಜಾರಿಗೆ ಬಂದುದು 1906ರಲ್ಲಿ. ಇಂಗ್ಲಂಡಿನಲ್ಲಿ ಬ್ರಾಡ್‌ಶಾ ಎಂಬಾತನ ರೈಲು ವೇಳಾಪಟ್ಟಿಯು 1839ರಲ್ಲಿ ಆರಂಭವಾಗಿ 1961ರವರೆಗೆ ಪ್ರಕಟವಾಯಿತು. ಅದರ ಹಳೆಯ ಸಂಚಿಕೆಗಳನ್ನು ಅಲ್ಲಿನ ಸಂಶೋಧಕರು ಇಂದಿಗೂ ಆಧಾರಗ್ರಂಥದಂತೆ ಬಳಸುತ್ತಾರೆ. ನಮ್ಮ ಹಳ್ಳಿಗಾಡಿನ ಬಸ್ಸಿನ ವೇಳಾಪಟ್ಟಿಗೆ ಇಂಥ ಪುಸ್ತಕದ ಭಾಗ್ಯ ಒದಗಲಿಲ್ಲ. ಅದು ನಿಲ್ದಾಣದ ಗೋಡೆಯ ಮೇಲೆ ಬಣ್ಣದಲ್ಲಿ ಬರೆದುದಾಗಿ, ನಿಯಂತ್ರಕನ ಮೇಜಿನ ಮೇಲಿನ ಹಾಳೆಯಾಗಿ, ಹೆಚ್ಚಾಗಿ ಜನರ ಬಾಯಲ್ಲಿ ಇದ್ದಿತು.

3

ರೈಲುದಾರಿಯಿಂದ ದೂರವಿದ್ದ ಹುನಗುಂದ, ಇಳಕಲ್ಲ, ಅಮೀನಗಡಗಳಂಥ ಊರುಗಳಿಗೆ ಹೊಸ ಕಾಲ ಬಂದುದು ಮೋಟಾರಿನ ಮೂಲಕ. ಮೊದಮೊದಲಿಗೆ ಈ ಮೋಟಾರುಗಳು ಖಾಸಗಿಯವರವು. 1939ರ ಮೋಟಾರು ವಾಹನ ಕಾಯಿದೆಯು ಈ ಸಂಚಾರವನ್ನು ಪರವಾನಿಗೆಯ ಕಟ್ಟಿಗೆ ಒಳಪಡಿಸಿತು. ಯಾವ ಹಾದಿಯಲ್ಲಿ ಗಾಡಿ ಓಡಬೇಕು, ಎಷ್ಟು ದರ ತೆಗೆದುಕೊಳ್ಳಬೇಕು, ಯಾವ ಹೊತ್ತಿಗೆ ಹೊರಡಬೇಕು ಎಂಬುದನ್ನು ಸಾರಿಗೆ ಪ್ರಾಧಿಕಾರವು ಒಪ್ಪಬೇಕಾಯಿತು. ಇಲ್ಲಿಂದ ಮುಂದೆ ಬಸ್ಸಿನ ವೇಳೆಯು ಮಾಲಿಕನ ಇಚ್ಛೆಯನ್ನು ದಾಟಿ ಸರಕಾರಿ ಕಾಗದದ ವಿಷಯವಾಯಿತು. ಇತಿಹಾಸಕಾರನಿಗೆ ಅದು ಆಧಾರವಾಗುವುದೂ ಇಲ್ಲಿಂದಲೇ.

ಈ ಸೀಮೆಯ ರಾಜಕೀಯ ಸ್ಥಿತಿಯನ್ನು ಇಲ್ಲಿ ನೆನೆಯಬೇಕು. ಬಾಗಲಕೋಟೆ, ಬಾದಾಮಿ, ಹುನಗುಂದ ತಾಲೂಕುಗಳು ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಗೆ ಸೇರಿದ್ದುವು. ಪಶ್ಚಿಮಕ್ಕೆ ಜಮಖಂಡಿ, ಮುಧೋಳ ಸಂಸ್ಥಾನಗಳು. ಹುನಗುಂದದ ಪೂರ್ವಕ್ಕೆ ನಿಜಾಮನ ರಾಜ್ಯದ ಕುಷ್ಟಗಿ, ಲಿಂಗಸುಗೂರು. ಹೈದರಾಬಾದು ರಾಜ್ಯದಲ್ಲಿ ನಿಜಾಮನ ರೈಲ್ವೆಯ ರಸ್ತೆ ಸಾರಿಗೆ ಇಲಾಖೆಯು 1932ರಷ್ಟು ಹಿಂದೆಯೇ 27 ಬಸ್ಸುಗಳಿಂದ ಸೇವೆಯನ್ನಾರಂಭಿಸಿತ್ತು. ಮುಂಬಯಿ ರಾಜ್ಯದ ಸರಕಾರಿ ಬಸ್ಸು 1948ರ ಜೂನ್ 1ರಂದು ಪುಣೆ–ಅಹಮದನಗರ ಹಾದಿಯಲ್ಲಿ ಮೊದಲು ಓಡಿತು. ಮೈಸೂರು ಸರಕಾರದ ರಸ್ತೆ ಸಾರಿಗೆ ಇಲಾಖೆಯು ಅದೇ ವರ್ಷದ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಡನೆ ಆರಂಭವಾಯಿತು. ಕನ್ನಡ ಮಾತನಾಡುವ ಒಂದೇ ಜನ ಹೀಗೆ ಮೂರು ಬೇರೆ ಬೇರೆ ಸರಕಾರಗಳ ಬಸ್ಸು ಹತ್ತಬೇಕಾಗಿತ್ತು. ಜಮಖಂಡಿ, ಮುಧೋಳಗಳು 1948ರಲ್ಲಿ ಮುಂಬಯಿ ರಾಜ್ಯದಲ್ಲಿ ವಿಲೀನವಾದರೂ, ಇಳಕಲ್ಲಿನ ಸೀರೆಯ ಗಂಟು ಕುಷ್ಟಗಿಯ ಸಂತೆಗೆ ಹೋಗಬೇಕಾದರೆ 1956ರವರೆಗೂ ಒಂದು ರಾಜ್ಯದ ಗಡಿಯನ್ನು ದಾಟಬೇಕಾಗಿತ್ತು.

1956ರ ನವೆಂಬರ್ 1ರಂದು ಏಕೀಕರಣವಾದಾಗ ಈ ಭಾಗದ ಸಂಚಾರವು ಮೈಸೂರು ರಾಜ್ಯದ ಕೈ ಸೇರಿತು. 1961ರ ಆಗಸ್ಟ್ 1ರಂದು ಮೈಸೂರು ರಾಜ್ಯ ರಸ್ತೆ ಸಾರಿಗೆ ನಿಗಮವು ಸ್ಥಾಪನೆಯಾಯಿತು. 1973ರಲ್ಲಿ ರಾಜ್ಯದ ಹೆಸರಿನೊಡನೆ ನಿಗಮದ ಹೆಸರೂ ಕರ್ನಾಟಕವೆಂದಾಯಿತು. 1997ರ ಆಗಸ್ಟ್ 15ರಂದು ವಿಜಾಪುರ ಜಿಲ್ಲೆಯನ್ನು ಒಡೆದು ಬಾಗಲಕೋಟೆ ಜಿಲ್ಲೆಯನ್ನು ರಚಿಸಲಾಯಿತು. ಅದೇ ವರ್ಷದ ನವೆಂಬರ್ 1ರಂದು ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿಯಿರುವ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯು ಬಂದಿತು. ಬಾಗಲಕೋಟೆ ಆ ಸಂಸ್ಥೆಯಲ್ಲಿ ಉಳಿಯಿತು. ವಿಜಾಪುರ, ಅಂದರೆ ಇಂದಿನ ವಿಜಯಪುರ, ಕಲಬುರಗಿಯ ಈಶಾನ್ಯ ಸಂಸ್ಥೆಗೆ ಸೇರಿತು. 2021ರಿಂದ ಅದಕ್ಕೆ ಕಲ್ಯಾಣ ಕರ್ನಾಟಕವೆಂದು ಹೆಸರು. ಒಂದು ಕಾಲಕ್ಕೆ ಒಂದೇ ಜಿಲ್ಲೆಯಾಗಿದ್ದ ಎರಡು ಪಟ್ಟಣಗಳ ನಡುವೆ ಓಡುವ ಬಸ್ಸುಗಳು ಇಂದು ಎರಡು ಸಂಸ್ಥೆಗಳವು. ಈ ಪ್ರತಿಯೊಂದು ವಿಂಗಡಣೆಯಲ್ಲಿಯೂ ಕಡತಗಳು ಕಚೇರಿಯಿಂದ ಕಚೇರಿಗೆ ಸಾಗಿದುವೆಂಬುದನ್ನು ಸಂಶೋಧಕನು ಮರೆಯಬಾರದು.

ಆಡಳಿತ ಬದಲಾದರೂ ಜನರ ಮಾತು ಬೇಗನೆ ಬದಲಾಗಲಿಲ್ಲ. ಸರಕಾರಿ ಬಸ್ಸಿಗೆ ಮುಂಬಯಿ ರಾಜ್ಯದ ಕಾಲದ ‘ಎಸ್.ಟಿ.’ ಎಂಬ ಹೆಸರು ಹಳಬರ ಬಾಯಲ್ಲಿ ಏಕೀಕರಣದ ತರುವಾಯವೂ ಬಹುಕಾಲ ಉಳಿಯಿತು. ವೇಳಾಪಟ್ಟಿಯನ್ನು ‘ವೇಳಾಪತ್ರಿಕೆ’ ಎನ್ನುವ ರೂಢಿಯು ಮರಾಠಿಯ ‘ವೇಳಾಪತ್ರಕ’ಕ್ಕೆ ಹತ್ತಿರದ್ದು. ಶಾಸನದ ಭಾಷೆಯಿಂದ ಆಳಿಕೆಯ ಪ್ರಭಾವವನ್ನು ಊಹಿಸುವಂತೆ ಬಸ್ಸಿನ ಭಾಷೆಯಿಂದಲೂ ಊಹಿಸಬಹುದೆಂಬುದಕ್ಕೆ ಇದು ನಿದರ್ಶನ.

4

ಇನ್ನು ವೇಳಾಪಟ್ಟಿಯು ಇತಿಹಾಸಕಾರನಿಗೆ ಏನನ್ನು ಹೇಳಬಲ್ಲುದೆಂಬುದನ್ನು ನೋಡೋಣ.

ಶಾಸನಗಳಲ್ಲಿ ಬಾಗಲಕೋಟೆಗೆ ಬಾಗಡಗೆಯೆಂಬ ಹೆಸರಿದೆ. ಬಾಗಡಗೆ 70, ಕಿಸುಕಾಡು 70, ಕೆಲವಾಡಿ 300 ಎಂದು ಮುಂತಾಗಿ ಯಲಬುರ್ಗೆಯ ಸಿಂದರ ಕಾಲದಲ್ಲಿ ಈ ನಾಡು ಊರುಗಳ ಗುಂಪಾಗಿ ವಿಂಗಡವಾಗಿತ್ತು. ಯಾವ ಊರು ಯಾವ ಗುಂಪಿಗೆ ಸೇರಿತ್ತೆಂಬುದನ್ನು ಕಂಡುಹಿಡಿಯಲು ವಿದ್ವಾಂಸರು ಎಷ್ಟೋ ಪರಿಶ್ರಮ ಪಟ್ಟಿದ್ದಾರೆ. ಒಂದು ಬಸ್ಸು ಘಟಕದ ವೇಳಾಪಟ್ಟಿಯೂ ಇಂಥದೇ ಒಂದು ನಾಡಿನ ವಿಂಗಡಣೆ. ಯಾವ ಹಳ್ಳಿ ತನ್ನ ಸಂತೆಗೆ, ದವಾಖಾನೆಗೆ, ಕಚೇರಿಗೆ ಯಾವ ಪಟ್ಟಣದ ಕಡೆಗೆ ಮುಖ ಮಾಡಿತ್ತೆಂಬುದನ್ನು ಅದು ತೋರಿಸುತ್ತದೆ. ಕಂದಾಯ ಇಲಾಖೆಯ ನಕಾಶೆಯಲ್ಲಿ ಒಂದು ತಾಲೂಕಿಗೆ ಸೇರಿದ ಹಳ್ಳಿಯು ಬದುಕಿನಲ್ಲಿ ಇನ್ನೊಂದು ಪಟ್ಟಣಕ್ಕೆ ಸೇರಿರಬಹುದು. ಇದನ್ನು ನಕಾಶೆ ಹೇಳುವುದಿಲ್ಲ. ಬಸ್ಸಿನ ಫಲಕ ಹೇಳುತ್ತದೆ.

ಎರಡನೆಯದಾಗಿ, ಬಸ್ಸು ಯಾರಿಗಾಗಿ ಇತ್ತೆಂಬುದನ್ನು ಅದು ಹೊರಡುವ ಸ್ಥಳದಿಂದ ತಿಳಿಯಬಹುದು. ಬೆಳಿಗ್ಗೆ ಪಟ್ಟಣದಿಂದ ಹೊರಟು ಹಳ್ಳಿಗೆ ಹೋಗುವ ಬಸ್ಸು ಹಳ್ಳಿಗೆ ಕೆಲಸಕ್ಕೆ ಹೋಗುವ ಮಾಸ್ತರರಿಗೆ, ತಲಾಟಿಗೆ, ವ್ಯಾಪಾರಿಗೆ ಅನುಕೂಲ. ಅದೇ ಬೆಳಿಗ್ಗೆ ಹಳ್ಳಿಯಿಂದ ಹೊರಟು ಪಟ್ಟಣಕ್ಕೆ ಬರುವ ಬಸ್ಸು ಹಳ್ಳಿಯವನಿಗೆ ಅನುಕೂಲ. ಈ ಎರಡನೆಯ ಅನುಕೂಲವನ್ನು ಒದಗಿಸಿದುದೇ ಈ ಭಾಗದಲ್ಲಿ ‘ವಸ್ತಿ ಗಾಡಿ’ಯೆಂದು ಪ್ರಸಿದ್ಧವಾದ ಸೇವೆ. ಸಂಜೆ ಪಟ್ಟಣವನ್ನು ಬಿಟ್ಟ ಬಸ್ಸು ಕಡೆಯ ಹಳ್ಳಿಯನ್ನು ಮುಟ್ಟಿ ಅಲ್ಲಿಯೇ ರಾತ್ರಿ ತಂಗುತ್ತದೆ. ಚಾಲಕನೂ ನಿರ್ವಾಹಕನೂ ಗುಡಿಯ ಕಟ್ಟೆಯ ಮೇಲೆಯೋ ಪಂಚಾಯತಿಯ ಕೋಣೆಯಲ್ಲಿಯೋ ಬಸ್ಸಿನೊಳಗೆಯೋ ಮಲಗಿ, ನಸುಕಿನಲ್ಲಿ ಎದ್ದು ಗಾಡಿಯನ್ನು ಪಟ್ಟಣಕ್ಕೆ ತಿರುಗಿಸುತ್ತಾರೆ. ಕೋರ್ಟಿನ ತಾರೀಖು ಇದ್ದವನು, ಹೆರಿಗೆಯ ದಿನ ತುಂಬಿದವಳು, ಹಾಲು ಕಾಯಿಪಲ್ಲೆ ಮಾರುವವರು, ಕಾಲೇಜಿಗೆ ಹೋಗುವ ಹುಡುಗರು ಅದರ ಪ್ರಯಾಣಿಕರು. ಒಂದು ಹಳ್ಳಿಗೆ ವಸ್ತಿ ಗಾಡಿ ಯಾವಾಗ ಬಂದಿತು, ಯಾವಾಗ ನಿಂತಿತು ಎಂಬ ಎರಡು ತಾರೀಖುಗಳು ಸಿಕ್ಕರೆ ಆ ಹಳ್ಳಿಯ ಸಾಮಾಜಿಕ ಇತಿಹಾಸಕ್ಕೆ ಎರಡು ಮೈಲಿಗಲ್ಲುಗಳು ಸಿಕ್ಕಂತೆ.

ಮೂರನೆಯದಾಗಿ, ಸಂಜೆಯ ಕಡೆಯ ಬಸ್ಸು. ಮಗಳನ್ನು ಬಾಗಲಕೋಟೆಯ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘದ ಕಾಲೇಜಿಗೋ ಬೇರೊಂದಕ್ಕೋ ಕಳುಹಿಸಬೇಕೆ ಎಂಬ ಪ್ರಶ್ನೆಗೆ ಅನೇಕ ಮನೆಗಳಲ್ಲಿ ಉತ್ತರ ಕೊಟ್ಟುದು ತಂದೆಯ ವಿಚಾರಧಾರೆಗಿಂತ ಹೆಚ್ಚಾಗಿ ಬಸ್ಸು ಮರಳುವ ಹೊತ್ತು. ದೀಪ ಹಚ್ಚುವುದರೊಳಗೆ ಊರು ಮುಟ್ಟುವ ಗಾಡಿಯಿದ್ದ ಊರಿನ ಹೆಣ್ಣುಮಕ್ಕಳು ಓದು ಮುಂದುವರಿಸಿದರೆ, ಅಂಥ ಗಾಡಿಯಿಲ್ಲದ ಊರಿನವರು ಏಳನೆಯ ಇಯತ್ತೆಗೆ ನಿಲ್ಲಬೇಕಾದ ಸಂಭವವಿತ್ತು. ಸ್ತ್ರೀಶಿಕ್ಷಣದ ಇತಿಹಾಸವನ್ನು ಬರೆಯುವಾಗ ನಾವು ಸಂಸ್ಥೆಗಳ ಸ್ಥಾಪನೆಯ ವರ್ಷಗಳನ್ನು ಕೊಡುತ್ತೇವೆ. ಆ ಸಂಸ್ಥೆಗಳಿಗೆ ಹೋಗಿ ಬರುವ ದಾರಿಯ ವೇಳೆಯನ್ನು ಅದರ ಪಕ್ಕದಲ್ಲಿಟ್ಟು ನೋಡಿದರೆ ಚಿತ್ರ ಹೆಚ್ಚು ಸ್ಪಷ್ಟವಾದೀತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಮಹಿಳೆಯರ ಪ್ರಯಾಣವು ಉಚಿತವಾಗಿದೆ. ಇದರ ಪರಿಣಾಮವನ್ನು ಮುಂದಿನ ಪೀಳಿಗೆಯ ಇತಿಹಾಸಕಾರನು ಅಳೆಯಬೇಕಾದಾಗ ಅವನಿಗೂ ದರದ ಲೆಕ್ಕದಷ್ಟೇ ವೇಳೆಯ ಲೆಕ್ಕವೂ ಬೇಕಾಗುತ್ತದೆ.

ಹುನಗುಂದ–ಇಳಕಲ್ಲ ಭಾಗದ ಮರೋಳ ಗ್ರಾಮವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಶಾಸನ ದೊರೆತಿದೆ. ನಮ್ಮ ಕಾಲದಲ್ಲಿ ರಾಮಥಾಳ–ಮರೋಳ ಏತ ನೀರಾವರಿಯ ಹನಿ ನೀರಾವರಿ ಯೋಜನೆಯಿಂದ ಆ ಹೆಸರು ದೂರದವರಿಗೂ ಪರಿಚಿತವಾಗಿದೆ. ಸಾವಿರ ವರ್ಷದ ಹಿಂದಿನ ದತ್ತಿಗೂ ಇಂದಿನ ಕೊಳವೆ ನೀರಿಗೂ ನಡುವೆ ಇಂಥ ಗ್ರಾಮದ ಜನಜೀವನವನ್ನು ಬದಲಿಸಿದ ಒಂದು ಮುಖ್ಯ ಘಟನೆಯೆಂದರೆ ಮೊದಲ ಬಸ್ಸು ಬಂದುದು. ದತ್ತಿಯ ಸಂವತ್ಸರವನ್ನು ಕಲ್ಲು ಹೇಳುತ್ತದೆ, ಯೋಜನೆಯ ವಿವರವನ್ನು ಸರಕಾರದ ಕಡತ ಹೇಳುತ್ತದೆ. ಬಸ್ಸಿನ ವಿಷಯವನ್ನು ಕೇಳಬೇಕಾದುದು ಕಟ್ಟೆಯ ಮೇಲೆ ಕುಳಿತ ಹಿರಿಯರನ್ನು.

5

ಬಾಗಲಕೋಟೆಯ ವಿಷಯದಲ್ಲಿ ಈ ನೆನಪಿಗೆ ಬೇರೆ ಕಡೆಗಿಂತ ಹೆಚ್ಚಿನ ತೂಕ ಬರಲು ಕಾರಣವಾದುದು ಆಲಮಟ್ಟಿಯ ಆಣೆಕಟ್ಟು. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅದಕ್ಕೆ ಅಡಿಗಲ್ಲು ಹಾಕಿದರು. 519.6 ಮೀಟರಿನವರೆಗೆ ನೀರು ನಿಲ್ಲಿಸಲು ಸರ್ವೋಚ್ಚ ನ್ಯಾಯಾಲಯವು 2000ದಲ್ಲಿ ಅನುಮತಿಯಿತ್ತಿತು. 2006ರ ಆಗಸ್ಟ್ 21ರಂದು ರಾಷ್ಟ್ರಪತಿ ಅಬ್ದುಲ್ ಕಲಾಮರು ಜಲಾಶಯವನ್ನು ರಾಷ್ಟ್ರಕ್ಕೆ ಸಮರ್ಪಿಸಿದರು. ಕೃಷ್ಣೆಯ ಹಿನ್ನೀರು ಘಟಪ್ರಭೆಯ ಪಾತ್ರದಲ್ಲಿ ಹಿಂದೆ ಸರಿದು ಬಾಗಲಕೋಟೆಯ ಹಳೆಯ ಪಟ್ಟಣದ ಕೆಲ ಭಾಗಗಳನ್ನೂ ನದಿಯ ದಂಡೆಯ ನೂರಕ್ಕೂ ಹೆಚ್ಚು ಹಳ್ಳಿಗಳನ್ನೂ ಆವರಿಸಿತು. ಇದಕ್ಕೆ ಮುಂಚೆಯೇ, ಕೃಷ್ಣೆಯ ಕೆಳಭಾಗದಲ್ಲಿ 1982ರಲ್ಲಿ ಪೂರ್ಣಗೊಂಡ ನಾರಾಯಣಪುರ ಜಲಾಶಯದ ಹಿನ್ನೀರು ಕೂಡಲಸಂಗಮದವರೆಗೆ ಬಂದು, ಬಸವಣ್ಣನವರ ಐಕ್ಯಸ್ಥಳವನ್ನು ಬಾವಿಯಂಥ ಕಟ್ಟಡ ಕಟ್ಟಿ ಕಾಯ್ದುಕೊಳ್ಳಬೇಕಾಗಿ ಬಂದಿತ್ತು.

ನಿರಾಶ್ರಿತರಾದವರಿಗಾಗಿ 1983ರಲ್ಲಿ ಬಾಗಲಕೋಟೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರವು ರಚಿತವಾಯಿತು. ಪ್ರಸಿದ್ಧ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರ ಯೋಜನೆಯಂತೆ ನವನಗರವು ಸೆಕ್ಟರು ಸೆಕ್ಟರುಗಳಾಗಿ ಬೆಳೆಯಿತು. ಹೀಗೆ ಹಳೆಯ ಬಾಗಲಕೋಟೆ, ವಿದ್ಯಾಗಿರಿ, ನವನಗರ ಎಂಬ ಮೂರು ಭಾಗಗಳ ಊರು ಇಂದು ನಮ್ಮ ಮುಂದಿದೆ. ಹಳೆಯ ಪಟ್ಟಣ ಕಾಲ್ನಡಿಗೆಯ ಅಳತೆಯದು. ಹಳ್ಳಿಯಿಂದ ಬಂದವನು ಬಸ್ಸು ಇಳಿದು ಪೇಟೆಯ ಕೆಲಸವನ್ನೂ ಕಚೇರಿಯ ಕೆಲಸವನ್ನೂ ನಡೆದೇ ಮುಗಿಸಿ ಮರಳಿ ಬಸ್ಸು ಹತ್ತಬಹುದಾಗಿತ್ತು. ಜಿಲ್ಲಾ ಕಚೇರಿಗಳು ನವನಗರದಲ್ಲಿ ಬಂದಾಗ, ಪೇಟೆಗೊಂದು ಕಡೆ, ಕಚೇರಿಗೊಂದು ಕಡೆ ಹೋಗುವುದು ಅನಿವಾರ್ಯವಾಯಿತು. ಮೂರು ಭಾಗಗಳನ್ನು ಹೊಲಿಯುವ ಕೆಲಸ ನಗರ ಬಸ್ಸಿನ ಪಾಲಿಗೆ ಬಂದಿತು. ಬಾಗಲಕೋಟೆಯಲ್ಲಿ ನಗರ ಸಾರಿಗೆಗೆ ಇಂದು ಬಂದಿರುವ ಮಹತ್ವವು ಕೈಗಾರಿಕೆಯಿಂದಾಗಲಿ ಜನಸಂಖ್ಯೆಯ ಸಹಜ ಬೆಳವಣಿಗೆಯಿಂದಾಗಲಿ ಬಂದುದಕ್ಕಿಂತ ಹೆಚ್ಚಾಗಿ ಜಲಾಶಯದಿಂದ ಬಂದುದು. ಇದು ಕರ್ನಾಟಕದ ನಗರಗಳ ಇತಿಹಾಸದಲ್ಲಿ ವಿರಳವಾದ ಸಂಗತಿ.

ಬೆಂಗಳೂರಿನೊಡನೆ ಹೋಲಿಸಿದರೆ ಈ ಮಾತು ವಿಶದವಾಗುತ್ತದೆ. ಅಲ್ಲಿ 1940ರಲ್ಲಿ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿಯು 98 ಬಸ್ಸುಗಳೊಡನೆ ಆರಂಭವಾಯಿತು. 1956ರಲ್ಲಿ ಸರಕಾರದ ಕೈಗೆ ಬಂದು ಬಿ.ಟಿ.ಎಸ್. ಎನಿಸಿತು; 1997ರಲ್ಲಿ ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆಯಾಯಿತು. ಅಲ್ಲಿನವರ ಹಳೆಯ ನೆನಪು ಮಾರ್ಗದ ಅಂಕಿಯನ್ನು ಹಿಡಿದು ನಿಂತಿದೆ. ಬಡಾವಣೆ ಬೆಳೆದಂತೆ ಅಂಕಿಗಳು ಹೆಚ್ಚಿದುವು, ಅಂಕಿಗಳಿಗೆ ಅಕ್ಷರಗಳು ಸೇರಿದುವು. ಆದರೆ ಬಸ್ಸು ಓಡಿದ ರಸ್ತೆ ಬಹುಮಟ್ಟಿಗೆ ಇದ್ದಲ್ಲಿಯೇ ಇದೆ. ಅಲ್ಲಿ ಧರ್ಮಾಂಬುಧಿ ಕೆರೆಯು ಬರಿದಾಗಿ ಆ ಅಂಗಳದಲ್ಲಿ ಕೆಂಪೇಗೌಡ ಬಸ್ಸು ನಿಲ್ದಾಣವು ಎದ್ದಿತು. ಬಾಗಲಕೋಟೆಯಲ್ಲಿ ನಡೆದುದು ಇದಕ್ಕೆ ವಿಪರೀತ: ಹಾದಿಯಿದ್ದಲ್ಲಿ ನೀರು ಬಂದಿತು. ಅಂಕಿಯಿಲ್ಲದ ಇಲ್ಲಿನ ಬಸ್ಸುಗಳನ್ನು ಜನ ಗುರುತಿಸುತ್ತಿದ್ದುದು ಕಡೆಯ ಹಳ್ಳಿಯ ಹೆಸರಿನಿಂದ ಇಲ್ಲವೆ ಹೊರಡುವ ಹೊತ್ತಿನಿಂದ. ಆ ಹೆಸರಿನ ಹಳ್ಳಿಯೇ ಮುಳುಗಿದಾಗ ಬಸ್ಸಿನ ಹೆಸರಿಗೆ ಆಧಾರವಿಲ್ಲದಾಯಿತು.

ಇಲ್ಲಿ ಸಂಶೋಧಕನು ಎಚ್ಚರದಿಂದಿರಬೇಕಾದ ಒಂದು ಸೂಕ್ಷ್ಮವಿದೆ. ಮುಳುಗಡೆಯಾದ ಎಷ್ಟೋ ಊರುಗಳ ಹೆಸರನ್ನು ಅವುಗಳ ಪುನರ್ವಸತಿ ಕೇಂದ್ರಗಳಿಗೆ ಇಡಲಾಗಿದೆ. ಆದುದರಿಂದ 1980ರ ವೇಳಾಪಟ್ಟಿಯಲ್ಲಿಯೂ 2010ರ ವೇಳಾಪಟ್ಟಿಯಲ್ಲಿಯೂ ಒಂದೇ ಹೆಸರು ಕಂಡರೆ ಅವು ಒಂದೇ ಸ್ಥಳವೆಂದು ತಿಳಿಯಲಾಗದು. ಫಲಕದ ಮೇಲಿನ ಹೆಸರು ಅದೇ, ಊರಿನ ಜನರೂ ಅವರೇ. ನೆಲ ಮಾತ್ರ ಬೇರೆ. ವಿಜಯಪುರದ ಕಡೆಯ ಬಸ್ಸು ಕೊರ್ತಿ–ಕೊಲ್ಹಾರದ ಉದ್ದನೆಯ ಸೇತುವೆಯನ್ನೂ ಅನಗವಾಡಿಯ ಸೇತುವೆಯನ್ನೂ ದಾಟುವಾಗ ಪ್ರಯಾಣಿಕರಲ್ಲಿ ಹಿರಿಯರು ಕಿಟಕಿಯಿಂದ ನೀರಿನ ಕಡೆಗೆ ಕೈತೋರಿಸಿ ಅಲ್ಲಿ ಇಂಥ ಊರಿತ್ತು, ಅಲ್ಲಿ ಬಸ್ಸು ನಿಲ್ಲುತ್ತಿತ್ತು ಎನ್ನುವುದುಂಟು. ಆ ಕೈ ತೋರಿಸುವ ದಿಕ್ಕನ್ನು ಬರೆದಿಡಬಲ್ಲವರು ನಾವು.

6

ಆದರೆ ನೆನಪೆಂದು ಕೇಳಿದುದೆಲ್ಲವೂ ಇತಿಹಾಸವಾಗುವುದಿಲ್ಲ. ಇತರ ಆಧಾರಗಳಂತೆ ಅದನ್ನೂ ಪರೀಕ್ಷಿಸಬೇಕು.

ಮೊದಲನೆಯದಾಗಿ ಕಾಲನಿರ್ಣಯ. ಹೇಳುವವರಿಗೆ ವರ್ಷ ನೆನಪಿರುವುದಿಲ್ಲ. ಟಿಕೆಟ್ಟಿನ ದರ ನೆನಪಿರುತ್ತದೆ. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯಪದ್ಧತಿ ಬಂದಿತು. ದರವನ್ನು ಆಣೆಯಲ್ಲಿ ಹೇಳಿದರೆ ಅದು ಅದಕ್ಕಿಂತ ಹಿಂದಿನದೆಂದು ತಟ್ಟನೆ ತೀರ್ಮಾನಿಸಬಾರದು. ನಾಲ್ಕಾಣೆ, ಎಂಟಾಣೆ ಎಂಬ ಮಾತುಗಳು 25, 50 ಪೈಸೆಗಳಿಗೆ ಸಲ್ಲುತ್ತ ಬಹಳ ವರ್ಷ ಬಳಕೆಯಲ್ಲಿದ್ದುವು. ಆದರೆ ಮೂರಾಣೆ, ಐದಾಣೆ, ಏಳಾಣೆ ಎಂಬ ದರಗಳಿಗೆ ಹೊಸ ನಾಣ್ಯದಲ್ಲಿ ಸರಿಸಮ ಬೆಲೆಯಿಲ್ಲ. ಅಂಥ ದರವನ್ನು ಹೇಳುವವರ ನೆನಪು 1957ಕ್ಕಿಂತ ಹಿಂದಿನದೆಂದು ಹೆಚ್ಚು ಧೈರ್ಯದಿಂದ ಹೇಳಬಹುದು. ಇದೇ ರೀತಿ ದೂರವನ್ನು ಮೈಲಿಯಲ್ಲಿ ಹೇಳುತ್ತಾರೋ ಕಿಲೋಮೀಟರಿನಲ್ಲಿಯೋ, ಬಸ್ಸನ್ನು ಮಾಲಿಕನ ಹೆಸರಿನಿಂದ ಕರೆಯುತ್ತಾರೋ ಎಸ್.ಟಿ. ಎನ್ನುತ್ತಾರೋ ಎಂಬುದೂ ಕಾಲವನ್ನು ಸೂಚಿಸುತ್ತದೆ.

ಎರಡನೆಯದಾಗಿ, ನೆನಪು ಬಂದ ಬಸ್ಸನ್ನು ಉಳಿಸಿಕೊಳ್ಳುತ್ತದೆ, ಬಾರದ ಬಸ್ಸನ್ನು ಮರೆಯುತ್ತದೆ. ಹಳೆಯ ಗಾಡಿಗಳು ಹೊತ್ತಿಗೆ ಸರಿಯಾಗಿ ಬರುತ್ತಿದ್ದುವೆಂಬ ಮಾತು ಎಲ್ಲ ಕಡೆಯೂ ಕೇಳಿಬರುತ್ತದೆ. ಮಳೆಗಾಲದಲ್ಲಿ ಎರೆಯ ನೆಲದ ರಸ್ತೆಯಲ್ಲಿ ಗಾಲಿ ಹುಗಿದುದು, ಹಳ್ಳ ಬಂದು ಬಸ್ಸು ಆಚೆಯ ದಂಡೆಯಲ್ಲಿಯೇ ನಿಂತುದು, ಸಂತೆಯ ದಿನ ಜಾಗವಿಲ್ಲದೆ ಮುದುಕಿಯರನ್ನು ಬಿಟ್ಟುಹೋದುದು, ಇವೂ ಅದೇ ಕಾಲದ ಸಂಗತಿಗಳೇ. ದಿನಕ್ಕೆ ಒಂದೇ ಬಸ್ಸು ಇದ್ದಾಗ ಅದರ ವೇಳೆ ಮನಸ್ಸಿನಲ್ಲಿ ಕೆತ್ತಿದಂತೆ ನಿಲ್ಲುವುದು ಸಹಜ. ಬಸ್ಸುಗಳು ಹೆಚ್ಚಾದಂತೆ ಯಾವ ಒಂದರ ವೇಳೆಯೂ ನೆನಪಿನಲ್ಲುಳಿಯುವುದಿಲ್ಲ. ಆದುದರಿಂದ ವೇಳೆಯ ಸ್ಪಷ್ಟ ನೆನಪನ್ನು ಹಳೆಯ ಸೇವೆಯ ಹಿರಿಮೆಗೆ ಪ್ರಮಾಣವೆಂದು ಒಪ್ಪುವ ಬದಲು, ಆ ಸೇವೆ ಎಷ್ಟು ವಿರಳವಾಗಿತ್ತೆಂಬುದಕ್ಕೆ ಪ್ರಮಾಣವೆಂದು ಓದುವುದು ಹೆಚ್ಚು ಯುಕ್ತವೆಂದು ನಮಗೆ ತೋರುತ್ತದೆ.

ಮೂರನೆಯದಾಗಿ, ‘ಎಲ್ಲರೂ’ ಎಂಬ ಶಬ್ದ. ಎಲ್ಲರೂ ಒಂದೇ ಬಸ್ಸಿನಲ್ಲಿ ಕೂಡಿ ಹೋಗುತ್ತಿದ್ದೆವೆಂದು ಹೇಳುವವರನ್ನು, ಆ ಎಲ್ಲರಲ್ಲಿ ಯಾರು ಯಾರು ಇದ್ದರೆಂದು ವಿನಯದಿಂದ ಕೇಳಬೇಕು. ಸಾರ್ವಜನಿಕ ವಾಹನವನ್ನು ಬಳಸಲು ಅಡ್ಡಿಪಡಿಸುವುದನ್ನು 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆಯು ಶಿಕ್ಷಾರ್ಹವೆಂದು ಸಾರಬೇಕಾಯಿತೆಂದರೆ, ಅಂಥ ಅಡ್ಡಿ ಇತ್ತೆಂದೇ ಅರ್ಥ. ಯಾರು ಕುಳಿತರು, ಯಾರು ನಿಂತರು, ಯಾರು ನಡೆದೇ ಹೋದರು ಎಂಬುದನ್ನು ಬೇರೆ ಬೇರೆ ಕೇರಿಗಳಲ್ಲಿ ಬೇರೆ ಬೇರೆಯಾಗಿ ಕೇಳಿ ತಾಳೆ ನೋಡಬೇಕು. ಒಂದೇ ಕಟ್ಟೆಯ ಮೇಲೆ ಕುಳಿತವರ ನೆನಪು ಇಡೀ ಊರಿನ ನೆನಪಾಗಲಾರದು.

ಹಾಗೆಂದು ಬರೆದ ವೇಳಾಪಟ್ಟಿಯನ್ನು ಕಣ್ಣುಮುಚ್ಚಿ ನಂಬುವಂತೆಯೂ ಇಲ್ಲ. ವೇಳಾಪಟ್ಟಿಯು ಬಸ್ಸು ಯಾವಾಗ ಬರಬೇಕೆಂಬುದನ್ನು ಹೇಳುತ್ತದೆ. ಯಾವಾಗ ಬಂದಿತೆಂಬುದನ್ನು ಹೇಳುವುದಿಲ್ಲ. ದಾನಶಾಸನವು ದತ್ತಿಯನ್ನು ಹೇಳಿದರೂ ಅದು ಕಡೆಯವರೆಗೆ ನಡೆಯಿತೆ ಎಂಬುದನ್ನು ಹೇಳದಿರುವಂತೆ ಇದೂ. ನಿರ್ವಾಹಕನ ವೇಬಿಲ್ಲು, ನಿಯಂತ್ರಕನ ದಾಖಲೆ ಪುಸ್ತಕ, ಊರವರು ಕೊಟ್ಟ ಮನವಿ, ಇವುಗಳೊಡನೆ ಜನರ ನೆನಪನ್ನೂ ಜೋಡಿಸಿದಾಗ ಮಾತ್ರ ನಿಜಕ್ಕೆ ಸಮೀಪವಾದುದು ದೊರೆಯುತ್ತದೆ.

7

ಈ ಕೆಲಸಕ್ಕೆ ಹೆಚ್ಚು ಸಮಯವಿಲ್ಲವೆಂಬುದನ್ನು ಕಡೆಯಲ್ಲಿ ಒತ್ತಿ ಹೇಳಬೇಕಾಗಿದೆ. ಎರಡನೆಯ ಕೃಷ್ಣಾ ಜಲವಿವಾದ ನ್ಯಾಯಮಂಡಲಿಯು 2010ರ ಡಿಸೆಂಬರ್ 30ರಂದು ಕೊಟ್ಟ ತೀರ್ಪಿನಲ್ಲಿ ಆಲಮಟ್ಟಿಯ ನೀರಿನ ಮಟ್ಟವನ್ನು 524.256 ಮೀಟರಿಗೆ ಏರಿಸಲು ಅವಕಾಶವಿತ್ತಿದೆ. ಆ ಎತ್ತರಕ್ಕೆ ನೀರು ನಿಂತರೆ ಹಳೆಯ ಬಾಗಲಕೋಟೆಯಲ್ಲಿ ಉಳಿದಿರುವ ಭಾಗಗಳೂ ಇನ್ನಷ್ಟು ಹಳ್ಳಿಗಳೂ ಮುಳುಗಡೆಗೆ ಒಳಗಾಗುವುವು. ನೀರಾವರಿಯಿಂದ ಒಣನೆಲಕ್ಕೆ ಆಗುವ ಪ್ರಯೋಜನವನ್ನು ಅಲ್ಲಗಳೆಯುವುದು ನಮ್ಮ ಉದ್ದೇಶವಲ್ಲ. ನೀರು ಬರುವ ಮುಂಚೆ ಅಲ್ಲಿ ಏನಿತ್ತೆಂಬುದನ್ನು ಬರೆದಿಡುವ ಹೊಣೆ ಇತಿಹಾಸದ ವಿದ್ಯಾರ್ಥಿಗಳದೆಂದು ನೆನಪಿಸುವುದಷ್ಟೇ ಉದ್ದೇಶ.

ವೇಳಾಪಟ್ಟಿಗೆ ಮುಳುಗಡೆಯಷ್ಟೇ ದೊಡ್ಡ ಅಪಾಯ ಅದರ ಸ್ವಭಾವದಲ್ಲಿಯೇ ಇದೆ. ಹೊಸ ಪಟ್ಟಿ ಬಂದ ದಿನವೇ ಹಳೆಯದು ನಿರುಪಯೋಗಿ. ಅದನ್ನು ಹರಿದು ಒಗೆಯುವುದೇ ಕ್ರಮ, ಗೋಡೆಯ ಮೇಲಿನದಾದರೆ ಸುಣ್ಣ ಬಳಿಯುವುದೇ ಕ್ರಮ. ಜಮೀನಿನ ಕಾಗದವನ್ನು ಮನೆತನದವರು ಪೆಟ್ಟಿಗೆಯಲ್ಲಿಟ್ಟು ಕಾಯುತ್ತಾರೆ. ಬಸ್ಸಿನ ಕಾಗದವನ್ನು ಕಾಯುವವರಿಲ್ಲ. ಆದರೂ ನಿವೃತ್ತ ಚಾಲಕರ, ನಿರ್ವಾಹಕರ, ನಿಯಂತ್ರಕರ ಮನೆಗಳಲ್ಲಿ ಹಳೆಯ ವೇಬಿಲ್ಲು, ರಂಧ್ರ ಹಾಕಿದ ಬಣ್ಣದ ಟಿಕೆಟ್ಟುಗಳ ಕಟ್ಟು, ಕಿಸೆಯ ಡೈರಿಯಲ್ಲಿ ಬರೆದುಕೊಂಡ ವೇಳೆಗಳು ಇರಬಹುದು. ಅಂಗಡಿಕಾರರ ಕಿರ್ದಿಯಲ್ಲಿ ಬಸ್ಸಿನ ಮೇಲೆ ಹೇರಿದ ಸರಕಿನ ಲೆಕ್ಕವಿರಬಹುದು. ಗ್ರಾಮ ಪಂಚಾಯತಿಯ ಠರಾವುಗಳಲ್ಲಿ ಬಸ್ಸು ಬೇಕೆಂದು ಬರೆದ ಮನವಿಯ ನಕಲಿರಬಹುದು. ಮದುವೆಯ ಲಗ್ನಪತ್ರಿಕೆಯಲ್ಲಿ ಬರುವವರ ಅನುಕೂಲಕ್ಕೆಂದು ಮುದ್ರಿಸಿದ ಬಸ್ಸಿನ ವಿವರವೂ ಆಧಾರವೇ.

ಕಾಲೇಜಿನ ವಿದ್ಯಾರ್ಥಿಗಳಿಗೆ ಇದು ಕೈಗೆಟುಕುವ ಸಂಶೋಧನೆ. ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಊರಿನ ಒಂದು ಹಾದಿಯನ್ನು ಆರಿಸಿಕೊಳ್ಳಲಿ. ಮೂವರು ಹಿರಿಯರನ್ನು, ಅವರಲ್ಲಿ ಒಬ್ಬ ಹೆಣ್ಣುಮಗಳನ್ನೂ ಬೇರೆ ಕೇರಿಯ ಒಬ್ಬರನ್ನೂ, ಪ್ರತ್ಯೇಕವಾಗಿ ಕೇಳಲಿ. ಬಸ್ಸು ನಿಂತ ಸ್ಥಳಗಳನ್ನು ಅನುಕ್ರಮವಾಗಿ ಬರೆದು, ನಿಲ್ಲದೆ ಹೋದ ಸ್ಥಳಗಳನ್ನೂ ಗುರುತಿಸಿ, ಮುಳುಗಿದ ಊರುಗಳ ಹೆಸರಿನ ಮುಂದೆ ಅವುಗಳ ಹಳೆಯ ನೆಲೆಯನ್ನು ನಕಾಶೆಯಲ್ಲಿ ಸೂಚಿಸಲಿ. ಹತ್ತು ಊರುಗಳ ಇಂಥ ಹತ್ತು ಪಟ್ಟಿಗಳು ಕೂಡಿದರೆ ಒಂದು ತಾಲೂಕಿನ ಚಿತ್ರ ಮೂಡುತ್ತದೆ. ಬಾಗಡಗೆ 70ರಲ್ಲಿ ಯಾವ ಯಾವ ಊರುಗಳಿದ್ದುವೆಂದು ನಾವು ಇಂದು ಕಲ್ಲುಗಳನ್ನು ತಡಕಾಡುತ್ತಿದ್ದೇವೆ. ಬಾಗಲಕೋಟೆಗೆ ಬಸ್ಸಿನಲ್ಲಿ ಬರುತ್ತಿದ್ದ ಊರುಗಳು ಯಾವುವೆಂಬ ಪ್ರಶ್ನೆಗೆ ಮುಂದಿನವರು ಹಾಗೆ ತಡಕಾಡದಿರಲೆಂದರೆ, ಹೇಳಬಲ್ಲವರು ಇನ್ನೂ ನಮ್ಮ ನಡುವೆ ಇರುವಾಗಲೇ ಅವರ ಮಾತನ್ನು ಬರೆದುಕೊಳ್ಳಬೇಕು.